ಮೊಟ್ಟೆಚಿಪ್ಪಿನ ಲೆಕ್ಕ ಹಾಕಿದ್ದೀಯಾ?

ಪುಟ್ಟಿ, ಮೊನ್ನೆ ಫೋನಿನಲ್ಲಿ ನೀನು ಅಷ್ಟು ಖುಷಿಯಿಂದ ಹೇಳಿಕೊಳ್ಳುವಾಗ ನಡುವೆ ಬಾಯಿ ಹಾಕಲು ನನಗೆ ಮನಸ್ಸಾಗಲಿಲ್ಲ. ಯುಟಿಲಿಟಿಯಲ್ಲಿ ಸಣ್ಣದೊಂದು ಫ್ರೀಜರ್ ಇಡಿಸಿದ್ದೀರಿ, ಭಾನುವಾರ ಕೋಳಿ ಅಂಗಡಿಗೆ ಹೋಗಿ ಬಂದರೆ ವಾರಕ್ಕೆಲ್ಲ ಆಯಿತು, ನಾಯಿಮರಿ ಚಿನ್ನಿಗೆ ಇನ್ನು ಮೇಲೆ ಡ್ರೈ ಫುಡ್ ಬಂದ್, ಬರೀ ಹಸಿ ಮಾಂಸ ಎಂದೆ. ನಿಮ್ಮತ್ತೆಯವರ ಮನೆಯಲ್ಲಿ ಮೊಟ್ಟೆಯೂ ಒಳಗೆ ಬರುವುದಿಲ್ಲ, ಬೇಯಿಸುವ ಪ್ರಶ್ನೆಯೇ ಇಲ್ಲದ್ದರಿಂದ ಹಸಿಯಾಗಿ ಕೊಟ್ಟರೆ ಎಲ್ಲರಿಗೂ ಒಳ್ಳೆಯದು ಎಂದೂ ಸೇರಿಸಿದೆ. ಫೋನಿಟ್ಟ ಮೇಲೆ ರಾತ್ರಿಯೆಲ್ಲ ಅದೇ ಯೋಚನೆಯಾಯಿತು. ಚಿನ್ನಿಗಿನ್ನೂ ಮೂರು ತಿಂಗಳು. ನಿನ್ನ ಕೂಸಿಗೆ ಎರಡು ವರ್ಷ. ಅದಕ್ಕೇ ಕೂತು ಬರೆಯುತ್ತಿದ್ದೇನೆ. ಪೂರ್ತಿ ಓದಿ ಆಮೇಲೆ ನಿನ್ನ ತೀರ್ಮಾನ ಮಾಡು.

ನಾಯಿಗೆ ಮನೆಯಲ್ಲಿ ಮಾಡಿ ಹಾಕಬೇಡ ಎಂದು ನಾನು ಹೇಳುವವಳಲ್ಲ. ತಿಪಟೂರಿನ ಈ ತೋಟದ ಮನೆಯಲ್ಲಿ ಮೂವತ್ತಕ್ಕೂ ಹೆಚ್ಚು ವರ್ಷ ನಾಯಿಗೆ ಬೇಯಿಸಿ ಹಾಕಿದ್ದೇನೆ. ಆದರೆ ಮೊದಲನೆಯದಕ್ಕೆ ಹಾಕಿದ್ದು ತಪ್ಪಾಯಿತು. ಆ ಕಥೆ ನಿನಗೆ ನಾನು ಹೇಳಿಲ್ಲ, ನಿನ್ನಮ್ಮನಿಗೆ ಗೊತ್ತು.

1991ರಲ್ಲಿ ನಿಮ್ಮ ದೊಡ್ಡಪ್ಪ ಒಂದು ಅಲ್ಸೇಷಿಯನ್ ಮರಿ ತಂದರು. ರಾಜ ಎಂದು ಹೆಸರಿಟ್ಟೆವು. ಒಳ್ಳೆಯ ಜಾತಿಯ ನಾಯಿ, ಮುದ್ದೆ ಮಜ್ಜಿಗೆ ಹಾಕಿದರೆ ಹಾಳಾಗುತ್ತದೆ ಎಂದು ಯಾರೋ ಅವರ ತಲೆಗೆ ತುಂಬಿದ್ದರು. ದಿನಾ ಎಲುಬು ಬಿಡಿಸಿದ ಕೋಳಿ ಮಾಂಸ, ಈಲಿ, ಒಂದು ಹಿಡಿ ಅನ್ನ. ಮಾಂಸವನ್ನು ನಾನೇ ಸಣ್ಣಗೆ ಹೆಚ್ಚುತ್ತಿದ್ದೆ. ಗಂಟಲಿಗೆ ಸಿಕ್ಕೀತು ಎಂದು ಒಂದು ಚೂರು ಎಲುಬೂ ಬಿಡುತ್ತಿರಲಿಲ್ಲ. ಮರಿ ದುಂಡಗೆ ಬೆಳೆಯಿತು, ಕೂದಲು ಎಣ್ಣೆ ಹಚ್ಚಿದಂತೆ ಹೊಳೆಯುತ್ತಿತ್ತು. ನೋಡಿದವರೆಲ್ಲ ಹೊಗಳಿದರು. ನಾಲ್ಕು ತಿಂಗಳು ತುಂಬುವ ಹೊತ್ತಿಗೆ ಏಕೋ ಬೇಗ ಕೂತುಬಿಡುತ್ತಿತ್ತು. ಎತ್ತಿಕೊಳ್ಳಲು ಹೋದರೆ ಕುಂಯ್ ಎನ್ನುತ್ತಿತ್ತು. ಸೋಮಾರಿ ಎಂದುಕೊಂಡೆವು. ಒಂದು ಸಂಜೆ ಜಗಲಿಯಿಂದ ಅಂಗಳಕ್ಕೆ ಹಾರಿತು. ಎರಡಡಿ ಎತ್ತರವೂ ಇಲ್ಲದ ಜಗಲಿ. ಹಿಂಗಾಲು ಮುರಿಯಿತು.

ಎಕ್ಸ್‌ರೇ ನೋಡಿದ ಪಶುವೈದ್ಯರು ಅದನ್ನು ಬೆಳಕಿಗೆ ಹಿಡಿದು ನನಗೂ ತೋರಿಸಿದರು. ಎಲುಬು ಇರಬೇಕಾದ ಕಡೆ ಮಸುಕಾದ ನೆರಳಿನಂಥ ಗೆರೆ. "ಏನು ಹಾಕ್ತಿದ್ರಿ ಅಮ್ಮಾ?" ಎಂದು ಕೇಳಿದರು. ನಾನು ಹೆಮ್ಮೆಯಿಂದಲೇ ಹೇಳಿದೆ. ಅವರು ಬೈಯಲಿಲ್ಲ. ನಾನು ಶಾಲೆಯಲ್ಲಿ ವಿಜ್ಞಾನ ಹೇಳಿಕೊಡುವವಳು ಎಂದು ತಿಳಿದ ಮೇಲೆ ಒಂದು ಚೀಟಿಯ ಹಿಂದೆ ಲೆಕ್ಕ ಬರೆದು ತೋರಿಸಿದರು. ಮಾಂಸದಲ್ಲಿ ರಂಜಕ ತುಂಬಾ ಇದೆ, ಸುಣ್ಣ, ಅಂದರೆ ಕ್ಯಾಲ್ಸಿಯಂ, ಇಲ್ಲವೇ ಇಲ್ಲ ಅನ್ನುವಷ್ಟು ಕಡಿಮೆ. ರಕ್ತದಲ್ಲಿ ಕ್ಯಾಲ್ಸಿಯಂ ಇಳಿದರೆ ಜೀವಕ್ಕೇ ಆಪತ್ತು. ಹಾಗಾಗಿ ಕುತ್ತಿಗೆಯ ಹತ್ತಿರದ ಪ್ಯಾರಾಥೈರಾಯ್ಡ್ ಗ್ರಂಥಿಗಳು ರಸ ಸುರಿಸಿ, ಎಲುಬನ್ನು ಕರಗಿಸಿ ರಕ್ತಕ್ಕೆ ಕ್ಯಾಲ್ಸಿಯಂ ತಂದುಕೊಡುತ್ತವೆ. ಹೊಟ್ಟೆ ತುಂಬ ತಿನ್ನುತ್ತಿರುವ ಮರಿ ಒಳಗೊಳಗೇ ತನ್ನ ಎಲುಬನ್ನೇ ತಿಂದುಕೊಳ್ಳುತ್ತಿರುತ್ತದೆ. ಹೊರಗೆ ಮಾತ್ರ ಕೂದಲು ಹೊಳೆಯುತ್ತಿರುತ್ತದೆ.

ರಾಜ ಬದುಕಿತು. ಹನ್ನೊಂದು ವರ್ಷ ನಮ್ಮ ಜೊತೆಗಿತ್ತು. ಆದರೆ ಕೊನೆಯವರೆಗೂ ಹಿಂಗಾಲು ಸೊಟ್ಟಗೇ ಉಳಿಯಿತು, ಚಳಿಗಾಲದಲ್ಲಿ ಏಳುವಾಗ ನರಳುತ್ತಿತ್ತು. ಆ ನರಳಿಕೆ ಕೇಳಿದಾಗಲೆಲ್ಲ ನನ್ನ ಕೈಯಾರೆ ಮಾಡಿದ್ದಲ್ಲವೇ ಇದು ಎಂದು ಹೊಟ್ಟೆಯಲ್ಲಿ ಸಂಕಟವಾಗುತ್ತಿತ್ತು. ಹಾಗಾಗಿಯೇ ನಿನ್ನನ್ನು ಕೇಳುವುದು: ಮಾಂಸ ಎಷ್ಟು, ಅಂಗಡಿ ಯಾವುದು, ಫ್ರೀಜರ್ ಎಷ್ಟು ಲೀಟರಿನದು ಎಂದೆಲ್ಲ ಹೇಳಿದೆಯಲ್ಲ, ಮೊಟ್ಟೆಚಿಪ್ಪಿನ ಲೆಕ್ಕ ಹಾಕಿದ್ದೀಯಾ?

ಆ ಲೆಕ್ಕವನ್ನು ಇಲ್ಲೇ ಹಾಕಿ ತೋರಿಸುತ್ತೇನೆ. ಚಿನ್ನಿ ಬೆಳೆದು ಇಪ್ಪತ್ತೈದು ಕೆಜಿಯ ಲ್ಯಾಬ್ರಡಾರ್ ಆಯಿತು ಎಂದುಕೋ. ಫ್ಲ್ಯಾಟಿನಲ್ಲಿರುವ ಅಂಥ ನಾಯಿಗೆ ದಿನಕ್ಕೆ ಸುಮಾರು 1,100 ಕಿಲೋಕ್ಯಾಲೊರಿ ಬೇಕು. ಎಲುಬಿಲ್ಲದ ಕೋಳಿ ಮಾಂಸ 350 ಗ್ರಾಂ, ಅಕ್ಕಿ 130 ಗ್ರಾಂ, ಒಂದು ಮೊಟ್ಟೆ, ಒಂದು ಹೋಳು ಸಿಹಿಗುಂಬಳ, ಎರಡು ಚಮಚ ಎಣ್ಣೆ, ಸ್ವಲ್ಪ ಮೊಸರು. ಕ್ಯಾಲೊರಿ ಸರಿಹೋಯಿತು, ಪ್ರೋಟೀನೂ ಧಾರಾಳ. ನೋಡಿದರೆ ನಮಗೇ ಹಸಿವಾಗುವಂಥ ತಟ್ಟೆ. ಬೆಳೆದ ನಾಯಿಗೆ ಸಾವಿರ ಕಿಲೋಕ್ಯಾಲೊರಿಗೆ ಒಂದೂಕಾಲು ಗ್ರಾಂ ಕ್ಯಾಲ್ಸಿಯಂ ಎಂಬುದು ಅಮೆರಿಕದವರು ಇಟ್ಟಿರುವ ಅಳತೆ. ಆ ಪ್ರಕಾರ ಚಿನ್ನಿಗೆ ದಿನಕ್ಕೆ ಹತ್ತಿರ ಹತ್ತಿರ 1,400 ಮಿಲಿಗ್ರಾಂ ಬೇಕು. ಈ ತಟ್ಟೆಯಲ್ಲಿರುವುದು ನೂರೈವತ್ತು ಮಿಲಿಗ್ರಾಂ ಇದ್ದರೆ ಹೆಚ್ಚು. ಅದೇ ತಟ್ಟೆಯಲ್ಲಿ ರಂಜಕ ಮಾತ್ರ ಸುಮಾರು 900 ಮಿಲಿಗ್ರಾಂ. ಕ್ಯಾಲ್ಸಿಯಂ ರಂಜಕದಷ್ಟಾದರೂ ಇರಬೇಕು, ಅದರ ಎರಡರಷ್ಟನ್ನು ಮೀರಬಾರದು. ಇಲ್ಲಿ ಆರರಲ್ಲಿ ಒಂದು ಪಾಲೂ ಇಲ್ಲ.

ಅಕ್ಕಿಯ ಬದಲು ರಾಗಿ ಹಾಕಿದರೆ? ನಮ್ಮ ರಾಗಿಯ ಮೇಲೆ ನನಗೆ ತುಂಬಾ ಅಭಿಮಾನ, ಅದಕ್ಕೆ ಕಾರಣವೂ ಇದೆ. ನೂರು ಗ್ರಾಂ ರಾಗಿಯಲ್ಲಿ ಸುಮಾರು 350 ಮಿಲಿಗ್ರಾಂ ಕ್ಯಾಲ್ಸಿಯಂ ಇದೆ, ಬೇರೆ ಯಾವ ಧಾನ್ಯವೂ ಹತ್ತಿರ ಬರುವುದಿಲ್ಲ. ಆದರೂ 130 ಗ್ರಾಂ ರಾಗಿಯಿಂದ ಬರುವುದು 450 ಮಿಲಿಗ್ರಾಂ. ಅದರಲ್ಲಿರುವ ಫೈಟೇಟ್ ಅಷ್ಟನ್ನೂ ಮೈಗೆ ಹತ್ತಲು ಬಿಡುವುದಿಲ್ಲ. ಸಾಲದು. ಮೊಸರು ಹೆಚ್ಚಿಸಿದರೆ? ಒಂದು ಲೀಟರ್ ಮೊಸರು ಹಾಕಿದರೆ ಕ್ಯಾಲ್ಸಿಯಂ ಸರಿಹೋಗುತ್ತದೆ, ನಾಯಿಯ ಹೊಟ್ಟೆ ಕೆಡುತ್ತದೆ. ಈಗ ಮೊಟ್ಟೆಚಿಪ್ಪಿಗೆ ಬಾ. ಚಿಪ್ಪನ್ನು ತೊಳೆದು, ಹತ್ತು ನಿಮಿಷ ಕುದಿಸಿ, ಒಣಗಿಸಿ, ಮಿಕ್ಸಿಯಲ್ಲಿ ರಂಗೋಲಿ ಹಿಟ್ಟಿಗಿಂತ ನುಣ್ಣಗೆ ಪುಡಿ ಮಾಡಿದರೆ, ನಾಲ್ಕು ಗ್ರಾಂ ಪುಡಿಯಲ್ಲಿ ಒಂದೂವರೆ ಗ್ರಾಂ ಕ್ಯಾಲ್ಸಿಯಂ. ಟೀ ಚಮಚದಲ್ಲಿ ಮುಕ್ಕಾಲು. ಖರ್ಚು ಸೊನ್ನೆ. ಇಷ್ಟೇ ಇಷ್ಟು ಪುಡಿ ಇಲ್ಲದೆ ನನ್ನ ರಾಜನ ಕಾಲು ಮುರಿದಿದ್ದು.

ಇದು ಕ್ಯಾಲ್ಸಿಯಂ ಒಂದರ ಮಾತು. ಸತು, ತಾಮ್ರ, ಅಯೋಡಿನ್, ಇ ವಿಟಮಿನ್, ಡಿ ವಿಟಮಿನ್ ಎಲ್ಲಕ್ಕೂ ಇಂಥದೇ ಲೆಕ್ಕವಿದೆ. ನಾಯಿ ಬಿಸಿಲಲ್ಲಿ ಮಲಗುತ್ತದಲ್ಲ, ಡಿ ವಿಟಮಿನ್ ತಾನೇ ಬರುತ್ತದೆ ಎಂದು ಬಹಳ ಜನ ತಿಳಿದಿದ್ದಾರೆ. ನಮ್ಮ ಚರ್ಮ ಮಾಡುವ ಆ ಕೆಲಸವನ್ನು ನಾಯಿಯ ಚರ್ಮ ಸಾಕಷ್ಟು ಮಾಡಲಾರದು, ಅದಕ್ಕೆ ಆಹಾರದಿಂದಲೇ ಬರಬೇಕು. ಬೂತಾಯಿ ಮೀನು, ಮೊಟ್ಟೆಯ ಹಳದಿ ಇವುಗಳಲ್ಲಿ ಸ್ವಲ್ಪ ಸಿಗುತ್ತದೆ. ಹಾಗೆಂದು ನಮ್ಮ ಡಬ್ಬಿಯಿಂದ ಮಾತ್ರೆ ತೆಗೆದು ಹಾಕಲು ಹೋಗಬೇಡ, ಹೆಚ್ಚಾದರೆ ಡಿ ವಿಟಮಿನ್ ವಿಷ. ಈಲಿಯೂ ಹಾಗೆಯೇ. ಅಗ್ಗಕ್ಕೆ ಸಿಗುತ್ತದೆಂದು ದಿನಾ ಅದನ್ನೇ ಹಾಕಿದರೆ ಎ ವಿಟಮಿನ್ ಅತಿಯಾಗುತ್ತದೆ. ಒಟ್ಟು ಊಟದಲ್ಲಿ ಇಪ್ಪತ್ತರಲ್ಲಿ ಒಂದು ಪಾಲು ಈಲಿ ಸಾಕು.

ನೀನು ಕೇಳಬಹುದು, ಅಜ್ಜಿಯ ಕಾಲದಲ್ಲಿ ಯಾರು ಇಷ್ಟೆಲ್ಲ ಲೆಕ್ಕ ಹಾಕಿದ್ದರು, ಮುದ್ದೆ ತಿಂದೇ ನಾಯಿಗಳು ಗಟ್ಟಿಮುಟ್ಟಾಗಿರಲಿಲ್ಲವೇ ಎಂದು. ನಾನೂ ಬಹಳ ದಿನ ಹಾಗೆಯೇ ಅಂದುಕೊಂಡಿದ್ದೆ. ಆಮೇಲೆ ನಮ್ಮ ತೋಟದ ನಾಯಿಗಳನ್ನು ಸರಿಯಾಗಿ ಗಮನಿಸಿದೆ. ಅವು ಬೆಳಿಗ್ಗೆ ನಮ್ಮ ಮನೆಯ ಮುದ್ದೆ ಮಜ್ಜಿಗೆ ತಿನ್ನುತ್ತಿದ್ದವು, ನಿಜ. ಮಧ್ಯಾಹ್ನ ಬದುವಿನಲ್ಲಿ ಇಲಿ ಹಿಡಿಯುತ್ತಿದ್ದವು, ಎಲುಬು ಕರುಳು ಸಮೇತ. ಮಳೆಗಾಲದಲ್ಲಿ ಏಡಿ, ಪೊದೆಯಲ್ಲಿ ಹಕ್ಕಿಯ ಮೊಟ್ಟೆ, ಎಮ್ಮೆ ಕರು ಹಾಕಿದಾಗ ಮಾಸು, ಹಬ್ಬದ ಮಾರನೆಯ ದಿನ ಊರ ಹೊರಗಿನ ಎಲುಬು. ನಾವು ಹಾಕುತ್ತಿದ್ದುದು ಅರ್ಧ ಊಟ, ಉಳಿದ ಅರ್ಧವನ್ನು ಅವೇ ಹುಡುಕಿಕೊಳ್ಳುತ್ತಿದ್ದವು. ಹಾಗೆ ಹುಡುಕಿಕೊಳ್ಳಲಾರದ ಮರಿಗಳು ಸತ್ತೂ ಹೋಗುತ್ತಿದ್ದವು, ಅದನ್ನು ನಾವು ನೆನಪಿಟ್ಟುಕೊಂಡಿಲ್ಲ. ಐದನೇ ಮಹಡಿಯಲ್ಲಿರುವ ನಿನ್ನ ಚಿನ್ನಿ ಎಲ್ಲಿ ಹೋಗಿ ಇಲಿ ಹಿಡಿಯಬೇಕು? ನೀನು ತಟ್ಟೆಗೆ ಹಾಕದೆ ಬಿಟ್ಟದ್ದು ಅದಕ್ಕೆ ಜನ್ಮದಲ್ಲಿ ಸಿಗುವುದಿಲ್ಲ.

ಬರೆದಿಟ್ಟ ಪಾಕವಿಧಾನ ನೋಡಿ ಮಾಡುತ್ತೇನೆ ಎಂದರೆ ಅದನ್ನೂ ನಂಬುವಂತಿಲ್ಲ. ಅಮೆರಿಕದಲ್ಲಿ, ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಡೇವಿಸ್ ಕೇಂದ್ರದ ಪಶುವೈದ್ಯರು ಬೆಳೆದ ನಾಯಿಗೆಂದು ಪುಸ್ತಕ ಮತ್ತು ಇಂಟರ್ನೆಟ್ಟಿನಲ್ಲಿ ಬಂದಿದ್ದ 200 ಪಾಕವಿಧಾನಗಳನ್ನು ಲೆಕ್ಕಕ್ಕೆ ಹಾಕಿ 2013ರಲ್ಲಿ ಪ್ರಕಟಿಸಿದರು. ನೂರಕ್ಕೆ 95ರಲ್ಲಿ ಒಂದಾದರೂ ಅತ್ಯಗತ್ಯ ಪೋಷಕಾಂಶ ಕಡಿಮೆ ಇತ್ತು. ಬಹುಪಾಲು ಪಾಕಗಳಲ್ಲಿ ಒಂದಕ್ಕಿಂತ ಹೆಚ್ಚು ಕೊರತೆ. ಅವುಗಳಲ್ಲಿ ಪಶುವೈದ್ಯರೇ ಬರೆದವೂ ಇದ್ದವು. ದಿನಕ್ಕೊಂದು ಬಗೆ ಹಾಕಿದರೆ ಒಂದರ ಕೊರತೆ ಇನ್ನೊಂದರಲ್ಲಿ ತುಂಬುತ್ತದೆ ಎಂಬ ಮಾತೂ ನಿಲ್ಲಲಿಲ್ಲ, ಎಲ್ಲದರಲ್ಲೂ ಕೊರತೆ ಅದೇ ಅದೇ ಆದರೆ ಬದಲಾಯಿಸಿ ಏನು ಬಂತು?

ಇನ್ನು ಹಸಿ ಮಾಂಸ. ಇದನ್ನು ಪ್ರಚಾರಕ್ಕೆ ತಂದವರಲ್ಲಿ ಆಸ್ಟ್ರೇಲಿಯಾದ ಪಶುವೈದ್ಯ ಇಯಾನ್ ಬಿಲ್ಲಿಂಗ್‌ಹರ್ಸ್ಟ್ ಮುಖ್ಯರು, 1993ರಲ್ಲಿ ಪುಸ್ತಕ ಬರೆದರು. ಅವರ ಪದ್ಧತಿಯಲ್ಲಿ ಮಾಂಸದ ಜೊತೆ ಹಸಿ ಎಲುಬೂ ಇರುತ್ತದೆ, ಅಂದರೆ ಕ್ಯಾಲ್ಸಿಯಂ ಬೇಕೆಂಬುದು ಅವರಿಗೆ ಗೊತ್ತಿತ್ತು. ನೀನು ಹೇಳಿದ ಹಾಗೆ ಬರೀ ಬೋನ್‌ಲೆಸ್ ತುಂಬಿಟ್ಟರೆ ಅವರ ಪದ್ಧತಿಯೂ ಆಗಲಿಲ್ಲ, ನನ್ನ ರಾಜನ ಕಥೆಯಾಯಿತು. ನಾಯಿ ತೋಳದ ಮಗು, ತೋಳ ತಿಂದದ್ದನ್ನೇ ಅದು ತಿನ್ನಬೇಕು ಎಂಬುದು ಈ ಮಾತಿನ ಬುಡ. ಅದು ಅರ್ಧ ಸತ್ಯ ಕಣೇ. ಸ್ವೀಡನ್ನಿನ ವಿಜ್ಞಾನಿಗಳು 2013ರಲ್ಲಿ ನಾಯಿ ಮತ್ತು ತೋಳದ ವಂಶವಾಹಿಗಳನ್ನು ಹೋಲಿಸಿ ನೋಡಿದರು. ಗಂಜಿಯ ಅಂಶವನ್ನು ಅರಗಿಸುವ ಅಮೈಲೇಸಿನ ಜೀನ್ ತೋಳದಲ್ಲಿ ಎರಡು ಪ್ರತಿ ಇದ್ದರೆ ನಾಯಿಯಲ್ಲಿ ನಾಲ್ಕರಿಂದ ಮೂವತ್ತು ಪ್ರತಿ. ಮನುಷ್ಯ ಬೇಸಾಯಕ್ಕೆ ಕೂತ ಮೇಲೆ ಅವನ ಮನೆಬಾಗಿಲಲ್ಲಿ ಅನ್ನ, ಮುದ್ದೆ, ರೊಟ್ಟಿ ತಿಂದು ಬದಲಾದ ಪ್ರಾಣಿ ಅದು. ಬೆಂದ ಅನ್ನ, ಬೆಂದ ರಾಗಿ ಅದಕ್ಕೆ ವಿಷವಲ್ಲ. ಧಾನ್ಯವೇ ಇಲ್ಲದ ಪ್ಯಾಕೆಟ್ಟುಗಳನ್ನು ದುಬಾರಿ ಬೆಲೆಗೆ ಮಾರುತ್ತಾರಲ್ಲ, ಬಟಾಣಿ ಬೇಳೆಗಳೇ ತುಂಬಿದ ಅಂಥ ಕೆಲವು ಆಹಾರಗಳಿಗೂ ನಾಯಿಗಳ ಹೃದಯ ಹಿಗ್ಗುವ ಕಾಯಿಲೆಗೂ ಸಂಬಂಧವಿದೆಯೇ ಎಂದು ಅಮೆರಿಕದ ಆಹಾರ, ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ 2018ರಲ್ಲಿ ತನಿಖೆ ಶುರು ಮಾಡಿತು. ಕಾರಣ ಖಚಿತವಾಗಲಿಲ್ಲ. ಆದರೆ ಧಾನ್ಯ ತೆಗೆದ ಮಾತ್ರಕ್ಕೆ ಆಹಾರ ಶ್ರೇಷ್ಠವಾಗುವುದಿಲ್ಲ ಎಂಬುದಂತೂ ಜನಕ್ಕೆ ತಿಳಿಯಿತು.

ನನಗೆ ನಿಜವಾಗಿ ಭಯವಿರುವುದು ನಿನ್ನ ಕೂಸಿನದು. ಆ ಎಫ್‌ಡಿಎಯವರೇ 2010ರಿಂದ 2012ರ ನಡುವೆ ಮಾರಾಟಕ್ಕಿದ್ದ 196 ಹಸಿ ಪೆಟ್ ಫುಡ್ ಮಾದರಿ ತರಿಸಿ ಪರೀಕ್ಷಿಸಿದರು. 15ರಲ್ಲಿ ಸಾಲ್ಮೊನೆಲ್ಲಾ ರೋಗಾಣು ಸಿಕ್ಕಿತು, 32ರಲ್ಲಿ ಲಿಸ್ಟೀರಿಯಾ. ಮಾಂಸವನ್ನು ಕಾರ್ಖಾನೆಯಲ್ಲಿ ತಣ್ಣಗಿಟ್ಟು, ಮುಚ್ಚಿ, ಹೆಪ್ಪುಗಟ್ಟಿಸಿ ಮಾರುವ ದೇಶದ ಸ್ಥಿತಿ ಇದು. ನಿಮ್ಮ ಬೀದಿಯ ಕೋಳಿ ಅಂಗಡಿಯನ್ನು ಕಣ್ಣ ಮುಂದೆ ತಂದುಕೋ. ಭಾನುವಾರ ಬೆಳಿಗ್ಗೆ ಹತ್ತು ಗಂಟೆ, ಒಂದೇ ಮರದ ಕೊರಡು, ಒಂದೇ ಕತ್ತಿ, ಕರುಳು ತೆಗೆದ ಕೈಯಲ್ಲೇ ಮಾಂಸದ ತೂಕ. ಅದು ಬೇಯುತ್ತದೆ ಎಂಬ ನಂಬಿಕೆಯ ಮೇಲೆ ನಡೆಯುವ ವ್ಯಾಪಾರ. ಅಂಗಡಿಯವನ ತಪ್ಪಿಲ್ಲ, ನಾವೆಲ್ಲ ಅದನ್ನು ಮನೆಗೆ ತಂದು ಕುದಿಸಿಯೇ ತಿನ್ನುತ್ತೇವೆ. ಫ್ರೀಜರಿನಲ್ಲಿಟ್ಟರೆ ಸಾಲ್ಮೊನೆಲ್ಲಾ ಸಾಯುವುದಿಲ್ಲ, ನಿದ್ದೆ ಹೋಗುತ್ತದೆ ಅಷ್ಟೆ. ಚಿನ್ನಿಯ ಹೊಟ್ಟೆ ಅದನ್ನು ತಡೆದುಕೊಂಡೀತು, ಬಹಳ ನಾಯಿಗಳು ತಡೆದುಕೊಳ್ಳುತ್ತವೆ. ಆದರೆ ಏನೂ ಆಗದ ಹಾಗೆ ಕಾಣುವ ನಾಯಿಯ ಮಲದಲ್ಲಿ, ಬಾಯಲ್ಲಿ, ತಟ್ಟೆಯ ಅಂಚಿನಲ್ಲಿ ಅದು ಉಳಿಯುತ್ತದೆ. ಚಿನ್ನಿ ಮಗುವಿನ ಮುಖ ನೆಕ್ಕುತ್ತದೆ. ಮಗು ಚಿನ್ನಿಯ ತಟ್ಟೆಗೆ ಕೈ ಹಾಕುತ್ತದೆ. ಎರಡು ವರ್ಷದ ಮಗುವಿಗೆ, ಸಕ್ಕರೆ ಕಾಯಿಲೆಯ ನಿಮ್ಮ ಮಾವನವರಿಗೆ ಅದು ಬರೀ ಹೊಟ್ಟೆನೋವಿನಲ್ಲಿ ಮುಗಿಯುವ ಮಾತಲ್ಲ. ಅಮೆರಿಕದ ಪಶುವೈದ್ಯರ ಸಂಘವೂ ನಾಯಿಗೆ ಬೇಯಿಸದ ಮಾಂಸ ಹಾಕಬೇಡಿ ಎಂದು 2012ರಿಂದ ಹೇಳುತ್ತ ಬಂದಿದೆ.

ಕುರಿ ಮಾಂಸ ಅಂದೆಯಲ್ಲ, ಬೋಟಿ, ಈಲಿ, ಶ್ವಾಸಕೋಶ ಅಗ್ಗ ಅಂತ, ಅದಂತೂ ಹಸಿಯಾಗಿ ಖಂಡಿತ ಬೇಡ. ಕುರಿಯ ಈಲಿ ಶ್ವಾಸಕೋಶಗಳಲ್ಲಿ ನೀರುಗುಳ್ಳೆಯ ಹಾಗೆ ಕೆಲವೊಮ್ಮೆ ಗಂಟು ಇರುತ್ತದೆ. ಅದರೊಳಗಿರುವುದು ಎಕಿನೊಕಾಕಸ್ ಎಂಬ ಲಾಡಿಹುಳುವಿನ ಮರಿ. ನಾಯಿ ಅದನ್ನು ಹಸಿಯಾಗಿ ತಿಂದರೆ ಅದರ ಕರುಳಿನಲ್ಲಿ ಅಕ್ಕಿಕಾಳಿಗಿಂತ ದೊಡ್ಡದಾಗದ ಹುಳುಗಳು ಬೆಳೆಯುತ್ತವೆ. ನಾಯಿಗೆ ಏನೂ ಆಗುವುದಿಲ್ಲ. ಮೊಟ್ಟೆಗಳು ಮಲದಲ್ಲಿ ಹೊರಬಂದು ಕೂದಲಿಗೆ ಅಂಟಿ ಮನುಷ್ಯರ ಹೊಟ್ಟೆ ಸೇರಿದರೆ ನಮ್ಮ ಈಲಿಯಲ್ಲಿ, ಶ್ವಾಸಕೋಶದಲ್ಲಿ ಅದೇ ಗಂಟು. ಹೈಡಾಟಿಡ್ ಎನ್ನುತ್ತಾರೆ. ವರ್ಷಗಟ್ಟಲೆ ಸದ್ದಿಲ್ಲದೆ ಬೆಳೆದು ಕೊನೆಗೆ ಆಪರೇಷನ್ನಿಗೆ ಹೋಗುತ್ತದೆ. ಮಾರಿಹಬ್ಬದಲ್ಲಿ ಕಡಿದ ಕುರಿಯ ಒಳಭಾಗವನ್ನು ನಾಯಿಗಳ ಮುಂದೆ ಎಸೆಯುವುದನ್ನು ನಾನು ಚಿಕ್ಕವಳಿದ್ದಾಗಿನಿಂದ ನೋಡಿದ್ದೇನೆ. ಅದನ್ನು ಹೂಳಿ ಎಂದು ಈಗ ಪ್ರತಿ ಹಬ್ಬಕ್ಕೂ ಹೇಳುತ್ತೇನೆ. ಬೇಯಿಸಿದರೆ ಈ ಭಯವೇ ಇಲ್ಲ.

ಹಸಿ ಹಾಕುವವರು ಹೇಳುವುದರಲ್ಲಿ ನಿಜವೂ ಇದೆ, ಇಲ್ಲವೆನ್ನಬಾರದು. ಮಲ ಕಡಿಮೆಯಾಗುತ್ತದೆ, ಏಕೆಂದರೆ ಮಾಂಸ ಹೆಚ್ಚುಪಾಲು ಅರಗಿಬಿಡುತ್ತದೆ. ಬೇಯಿಸಿದ ಮಾಂಸವೂ ಹಾಗೆಯೇ ಅರಗುತ್ತದೆ. ಕೂದಲು ಹೊಳೆಯುತ್ತದೆ, ಅದು ಕೊಬ್ಬಿನ ಗುಣ, ಬೇಯಿಸಿದರೂ ಕೊಬ್ಬು ಅಲ್ಲೇ ಇರುತ್ತದೆ. ಎಲುಬು ಕಡಿದರೆ ಹಲ್ಲಿನ ಪಾಚಿ ಹೋಗುತ್ತದೆ, ಜೊತೆಗೆ ದವಡೆ ಹಲ್ಲೇ ಸೀಳಿಹೋದ ನಾಯಿಗಳನ್ನೂ ನೋಡಿದ್ದೇನೆ. ಬೇಯಿಸಿದ ಕೋಳಿ ಎಲುಬು ಇನ್ನೂ ಕೆಟ್ಟದ್ದು, ಸೂಜಿಯ ಹಾಗೆ ಸೀಳುತ್ತದೆ, ಕರುಳಿಗೆ ಚುಚ್ಚುತ್ತದೆ. ಬೇಯಿಸಿದ ಮೇಲೆ ಎಲುಬನ್ನು ಒಂದೂ ಬಿಡದೆ ಆರಿಸಿಬಿಡು.

ಹಾಗಾದರೆ ಮನೆಯಡುಗೆಯ ಗುಣವೇನು ಎಂದರೆ, ನಮ್ಮ ಗೌರಿಯ ಮಾತು ಹೇಳಬೇಕು. ನೀನು ಕಾಲೇಜಿನಲ್ಲಿದ್ದಾಗ ಬೇಸಿಗೆ ರಜೆಗೆ ಬಂದರೆ ನಿನ್ನ ಚಪ್ಪಲಿಯ ಮೇಲೇ ಮಲಗುತ್ತಿತ್ತಲ್ಲ, ಆ ಗೌರಿ. ಹದಿಮೂರನೇ ವಯಸ್ಸಿನಲ್ಲಿ ಜ್ವರ ಬಂದು ಊಟ ಬಿಟ್ಟಿತು. ಡ್ರೈ ಫುಡ್ಡನ್ನು ಮೂಸಿಯೂ ನೋಡಲಿಲ್ಲ. ಮೂರನೇ ದಿನ ಉಪ್ಪಿಲ್ಲದೆ ಕೋಳಿ ಬೇಯಿಸಿ, ಆ ನೀರಿನಲ್ಲೇ ನುಚ್ಚಕ್ಕಿ ಗಂಜಿ ಮಾಡಿ, ಬೆಚ್ಚಗಿರುವಾಗ ಬೆರಳಿನಲ್ಲಿ ಮೂತಿಗೆ ಸವರಿದೆ. ಮೊದಲು ನಾಲಿಗೆ ಆಡಿಸಿತು, ಆಮೇಲೆ ಎದ್ದು ಕೂತು ತಟ್ಟೆ ನೆಕ್ಕಿತು. ಆ ಸದ್ದು ಈಗಲೂ ನನ್ನ ಕಿವಿಯಲ್ಲಿದೆ. ವಯಸ್ಸಾದ, ಕಾಯಿಲೆ ಬಿದ್ದ, ಊಟ ಬೇಡವೆನ್ನುವ ನಾಯಿಗೆ ಬಿಸಿ ಊಟದ ವಾಸನೆಗಿಂತ ದೊಡ್ಡ ಔಷಧಿ ಇಲ್ಲ. ಡ್ರೈ ಫುಡ್ಡಿನಲ್ಲಿ ನೀರಿನಂಶ ನೂರಕ್ಕೆ ಹತ್ತರಷ್ಟಿದ್ದರೆ ಬೇಯಿಸಿದ್ದರಲ್ಲಿ ಎಪ್ಪತ್ತರ ಮೇಲಿರುತ್ತದೆ, ನೀರು ಕುಡಿಯಲು ಮರೆಯುವ ನಾಯಿಗೆ ಅದೇ ಉಪಕಾರ. ಮೈ ತುರಿಸಿಕೊಳ್ಳುವ ನಾಯಿಗೆ ಯಾವುದು ಒಗ್ಗುವುದಿಲ್ಲ ಎಂದು ಒಂದೊಂದೇ ಪದಾರ್ಥ ಬಿಟ್ಟು ನೋಡಲು ಮನೆಯಡುಗೆಯಲ್ಲೇ ಸುಲಭ. ಏನು ಹಾಕಿದ್ದೇವೆಂದು ನಮಗೆ ಗೊತ್ತಿರುತ್ತದೆ, ಅದೂ ದೊಡ್ಡ ಸಮಾಧಾನ.

ಖರ್ಚಿನ ವಿಷಯ. ಮನೆಯಲ್ಲಿ ಮಾಡಿದರೆ ಅಗ್ಗ ಎಂಬ ಭ್ರಮೆಯಿದ್ದರೆ ಬಿಡು. ನಮ್ಮೂರಿನ ಬೆಲೆಯಲ್ಲಿ ಹೇಳುತ್ತೇನೆ, ಬೆಂಗಳೂರಿನದು ನೀನೇ ಹಾಕಿಕೋ. ಸ್ಕಿನ್‌ಲೆಸ್ ಕೋಳಿ ಕೆಜಿಗೆ 260 ರೂಪಾಯಿ. 350 ಗ್ರಾಂ ಮಾಂಸ ಬಿಡಿಸಲು ಎಲುಬಿನ ಸಮೇತ ಅರ್ಧ ಕೆಜಿ ಬೇಕು, ಅಲ್ಲಿಗೆ 130. ಅಕ್ಕಿಯೋ ರಾಗಿಯೋ ಏಳು ರೂಪಾಯಿ, ಮೊಟ್ಟೆ ಏಳು, ತರಕಾರಿ ಎಣ್ಣೆ ಮೊಸರು ಹತ್ತು, ವೈದ್ಯರು ಬರೆದುಕೊಡುವ ಖನಿಜ ವಿಟಮಿನ್ ಪುಡಿಗೆ ಹದಿನೈದು, ಗ್ಯಾಸಿಗೆ ಐದು. ದಿನಕ್ಕೆ ಸುಮಾರು 174, ತಿಂಗಳಿಗೆ 5,200ರ ಮೇಲೆ. ಇದೇ ನಾಯಿಗೆ ಡ್ರೈ ಫುಡ್ ಆದರೆ ದಿನಕ್ಕೆ 320 ಗ್ರಾಂ ಸಾಕು. ಕೆಜಿಗೆ 250ರದ್ದಾದರೆ ತಿಂಗಳಿಗೆ 2,400, 700ರದ್ದಾದರೆ 6,700. ಅಂದರೆ ಮನೆಯಡುಗೆ ಸಾಧಾರಣ ಡ್ರೈ ಫುಡ್ಡಿನ ಎರಡರಷ್ಟು, ದುಬಾರಿಯದಕ್ಕಿಂತ ಸ್ವಲ್ಪ ಕಡಿಮೆ. ಹಸಿ ಪದ್ಧತಿಯಲ್ಲಿ ಮೈತೂಕದ ನೂರಕ್ಕೆ ಎರಡೂವರೆ ಪಾಲು ಹಾಕುತ್ತಾರೆ, ದಿನಕ್ಕೆ 600 ಗ್ರಾಂ ದಾಟುತ್ತದೆ. ನಮ್ಮೂರಿನ ಅದೇ ಕೋಳಿಯಲ್ಲಿ ಹಾಕಿದರೆ ಮಾಂಸಕ್ಕೇ 160 ರೂಪಾಯಿ, ಮೇಲೆ ಫ್ರೀಜರು, ಅದರ ಕರೆಂಟು. ಕತ್ತು, ಕಾಲು, ತಲೆ ತಂದು ಉಳಿಸುತ್ತೇನೆ ಎಂದರೆ ಎಲುಬು ಹೆಚ್ಚಾಗಿ ಮಲ ಸುಣ್ಣದುಂಡೆಯ ಹಾಗೆ ಗಟ್ಟಿಯಾಗುತ್ತದೆ, ನಾಯಿ ಮುಕ್ಕಿ ಮುಕ್ಕಿ ಅಳುತ್ತದೆ.

ದುಡ್ಡಿಗಿಂತ ದೊಡ್ಡ ಖರ್ಚು ಎಂದರೆ ಶಿಸ್ತು. ಮೊದಲ ತಿಂಗಳು ತೂಕ ಮಾಡಿ ಹಾಕುತ್ತೀಯ. ಮೂರನೇ ತಿಂಗಳು ಕಣ್ಣಳತೆ. ಆರನೇ ತಿಂಗಳು ಖನಿಜದ ಪುಡಿ ಮುಗಿದಿರುತ್ತದೆ, ನಾಳೆ ತಂದರಾಯಿತು ಎಂದು ಎರಡು ವಾರ. ಆಷಾಢದಲ್ಲಿ ಊರಿಗೆ ಬಂದಾಗ ಎದುರು ಮನೆಯವರು ಮೊಸರನ್ನ ಹಾಕುತ್ತಾರೆ, ಕೆಲಸದವಳು ಈರುಳ್ಳಿ ಸಾರಿನ ಅನ್ನ ಹಾಕುತ್ತಾಳೆ. ಈರುಳ್ಳಿ ಬೆಳ್ಳುಳ್ಳಿ ನಾಯಿಯ ರಕ್ತಕಣವನ್ನೇ ಒಡೆಯುತ್ತವೆ, ದ್ರಾಕ್ಷಿ ಮೂತ್ರಪಿಂಡ ಕೆಡಿಸುತ್ತದೆ, ಅದನ್ನು ಅವರಿಗೆ ಯಾರು ಹೇಳಿರುತ್ತಾರೆ? ಕೆಟ್ಟ ಮನಸ್ಸಿನಿಂದ ಯಾರೂ ಮಾಡುವುದಿಲ್ಲ. ಸ್ವಲ್ಪ ಸ್ವಲ್ಪವೇ ಜಾರುತ್ತದೆ, ತೊಂದರೆ ಕಾಣುವ ಹೊತ್ತಿಗೆ ವರ್ಷವಾಗಿರುತ್ತದೆ. ನಿನಗೆ ಆಫೀಸು, ಮಗು, ಅತ್ತೆ ಮಾವ. ಹದಿಮೂರು ವರ್ಷ ಇದನ್ನು ನಡೆಸಲಾಗದು ಎನಿಸಿದರೆ ಒಳ್ಳೆಯ ಡ್ರೈ ಫುಡ್ ಹಾಕಿ ಸಾಕುವುದರಲ್ಲಿ ನಾಚಿಕೆಯಿಲ್ಲ, ನಿನ್ನ ಪ್ರೀತಿಯೂ ಕಡಿಮೆಯಾಗುವುದಿಲ್ಲ.

ನಿಮ್ಮತ್ತೆಯವರ ಮಾತಿಗೆ ಬರುತ್ತೇನೆ. ಅವರು ಚಿನ್ನಿಯನ್ನು ಮನೆಯೊಳಗೆ ಸೇರಿಸಿಕೊಂಡದ್ದೇ ದೊಡ್ಡತನ, ಅವರ ಅಡುಗೆಮನೆಗೆ ಮಾಂಸ ಹೋಗಬಾರದು, ಸರಿ. ಆದರೆ ಅವರ ಮೊಮ್ಮಗ ಓಡಾಡುವ ನೆಲದ ಮೇಲೆ ಹಸಿ ಮಾಂಸದ ರಸ ತೊಟ್ಟಿಕ್ಕುವುದು ಅವರಿಗೆ ಒಪ್ಪಿಗೆಯಾದೀತೇ? ಮುಂದೆ ಬೇಯಿಸುವ ಕಾಲ ಬಂದಾಗ ಯುಟಿಲಿಟಿಯಲ್ಲೇ ಒಂದು ಇಂಡಕ್ಷನ್ ಒಲೆ, ಚಿನ್ನಿಗೇ ಮೀಸಲಾದ ಐದು ಲೀಟರಿನ ಕುಕ್ಕರ್, ಒಂದು ಚಾಕು, ಒಂದು ಮಣೆ ಇಡು. ತಂದ ಕೂಡಲೇ ಬೇಯಿಸಿ ಡಬ್ಬಿಗೆ ತುಂಬಿದರೆ ಆ ಫ್ರೀಜರೂ ದಂಡವಾಗುವುದಿಲ್ಲ. ಅವರೊಡನೆ ಕೂತು ಮಾತಾಡು, ಮುಚ್ಚಿಡಬೇಡ. ಮೊಟ್ಟೆ, ಪನೀರು, ಸೋಯಾದಲ್ಲೇ ನಡೆಸುವ ದಾರಿಯೂ ಇದೆ, ನಾಯಿ ಬೆಕ್ಕಿನಷ್ಟು ಕಟ್ಟಾ ಮಾಂಸಾಹಾರಿಯಲ್ಲ. ಆದರೆ ಅದಕ್ಕೆ ಇನ್ನೂ ಬಿಗಿಯಾದ ಲೆಕ್ಕ ಬೇಕು, ಪೋಷಣೆ ಓದಿದ ಪಶುವೈದ್ಯರೇ ಹಾಕಿಕೊಡಬೇಕು. ಬರೀ ಮೊಸರನ್ನದಲ್ಲಿ ಸಾಕಿದ ನಾಯಿಗಳ ಒಣಗಿದ ತೊಗಲು, ಬಡಕಲು ಬೆನ್ನು ನಾನು ಬೇಕಾದಷ್ಟು ನೋಡಿದ್ದೇನೆ.

ಈಗ ಮಾತ್ರ, ಚಿನ್ನಿ ಬೆಳೆಯುವವರೆಗೆ, ಯಾವ ಪ್ರಯೋಗವೂ ಬೇಡ. ಬೆಳೆಯುವ ಮರಿಗೆ ಕ್ಯಾಲ್ಸಿಯಂ ಬೆಳೆದ ನಾಯಿಯ ಎರಡರಷ್ಟಕ್ಕಿಂತ ಹೆಚ್ಚು ಬೇಕು. ಆದರೆ ಲ್ಯಾಬ್ರಡಾರಿನಂಥ ದೊಡ್ಡ ಜಾತಿಯ ಮರಿಗೆ ಅತಿಯಾದರೂ ಕೇಡು. ಎಳೆಯ ಕರುಳಿಗೆ ಹೆಚ್ಚಾದದ್ದನ್ನು ಬೇಡವೆನ್ನಲು ಬರುವುದಿಲ್ಲ, ಕೀಲು ಎಲುಬು ವಕ್ರವಾಗುತ್ತವೆ. ಸಾಲದಿದ್ದರೆ ರಾಜನ ಹಾಗೆ, ಹೆಚ್ಚಾದರೆ ಇನ್ನೊಂದು ಹಾಗೆ. ಆ ಕಿರುದಾರಿಯಲ್ಲಿ ಚಮಚ ಹಿಡಿದು ನಡೆಯುವುದು ನಮ್ಮಿಂದಾಗದು. ಒಂದು ವರ್ಷ ತುಂಬುವ ತನಕ ದೊಡ್ಡ ಜಾತಿಯ ಮರಿಗೆಂದೇ ಮಾಡಿದ, ಕಂಪ್ಲೀಟ್ ಅಂಡ್ ಬ್ಯಾಲೆನ್ಸ್ಡ್ ಎಂದು ಚೀಲದ ಮೇಲೆ ಬರೆದಿರುವ ಆಹಾರವನ್ನೇ ಹಾಕು. ಅದರ ಮೇಲೆ ಬೇರೆ ಕ್ಯಾಲ್ಸಿಯಂ ಸಿರಪ್ಪು ಬೇಡ, ಮೊಟ್ಟೆಚಿಪ್ಪಿನ ಪುಡಿಯೂ ಬೇಡ. ನಿನ್ನ ಕೈಯಿಂದ ಏನಾದರೂ ಕೊಡಲೇಬೇಕು ಎನಿಸಿದರೆ ದಿನಕ್ಕೊಂದು ಬೆಂದ ಮೊಟ್ಟೆ, ಇಲ್ಲವೇ ನಾಲ್ಕು ಚೂರು ಬೆಂದ ಕೋಳಿ. ದಿನದ ಊಟದ ಹತ್ತರಲ್ಲಿ ಒಂದು ಪಾಲು ಮೀರದಿದ್ದರೆ ಸಮತೋಲ ಕೆಡುವುದಿಲ್ಲ. ಹದಿನೈದು ದಿನಕ್ಕೊಮ್ಮೆ ತೂಕ ಬರೆದಿಡು. ಪಕ್ಕೆಲುಬು ಕಣ್ಣಿಗೆ ಕಾಣಬಾರದು, ಕೈಗೆ ಸಿಗಬೇಕು.

ಫ್ರೀಜರಿನಲ್ಲಿ ಈಗಾಗಲೇ ತುಂಬಿಟ್ಟಿರುವ ಮಾಂಸವನ್ನು ಬಿಸಾಡಬೇಡ. ಬರುವ ಭಾನುವಾರ ಬೆಳಗಿನ ರೈಲಿಗೆ ನಾನೇ ಬರುತ್ತೇನೆ, ನಿಮ್ಮತ್ತೆಗೆ ನಾನು ಹೇಳಿಕೊಳ್ಳುತ್ತೇನೆ. ಯುಟಿಲಿಟಿಯಲ್ಲಿ ಒಲೆ ಹೂಡಿ ಎಲ್ಲವನ್ನೂ ಬೇಯಿಸಿ ಸಣ್ಣ ಸಣ್ಣ ಡಬ್ಬಿಗೆ ತುಂಬೋಣ. ಚಿನ್ನಿಗೆ ದಿನಕ್ಕೆ ನಾಲ್ಕು ಚೂರು, ಉಳಿದದ್ದು ನಿಮ್ಮ ಗೇಟಿನ ಹತ್ತಿರದ ಆ ಕುಂಟ ನಾಯಿಗೆ. ಗೌರಿಗೆ ತೂಗುತ್ತಿದ್ದ ತಕ್ಕಡಿ ಅಟ್ಟದಲ್ಲಿದೆ, ಒರೆಸಿ ತರುತ್ತೇನೆ.